‘ನಾಕ್ಟರ್ನ್’ ಮತ್ತು ಕಷ್ಟದ ಕೀರ್ತಿ

ಜಪಾನಿನ ಅಟ್ಲಸ್ ಕಂಪನಿ 2003ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 2ಕ್ಕೆ ಹೊರತಂದ ‘ಶಿನ್ ಮೆಗಾಮಿ ಟೆನ್ಸೇ 3: ನಾಕ್ಟರ್ನ್’ ಎಂಬ ರೋಲ್‌ಪ್ಲೇಯಿಂಗ್ ಆಟದ ಬಗ್ಗೆ ಅಭಿಮಾನಿಗಳು ಮಾತು ತೆಗೆದರೆ ಮೊದಲು ಬರುವುದು ಅದರ ಕಷ್ಟ. ಕಥೆಯ ಬಗ್ಗೆ ಕೇಳಿದರೂ ಕಷ್ಟ. ಸಂಗೀತದ ಬಗ್ಗೆ ಕೇಳಿದರೆ ಎರಡನೇ ವಾಕ್ಯಕ್ಕೆ ಮತ್ತೆ ಕಷ್ಟ. ಎಷ್ಟು ಸಲ ಸತ್ತರು, ಯಾವ ಬಾಸ್ ಎದುರು ಕಂಟ್ರೋಲರ್ ಕೆಳಗಿಟ್ಟರು, ಎಷ್ಟು ವರ್ಷದ ಮೇಲೆ ಮತ್ತೆ ಎತ್ತಿಕೊಂಡರು ಎಂಬ ವೃತ್ತಾಂತಗಳೇ ಈ ಆಟದ ಕುರಿತ ಬರವಣಿಗೆಯ ಬಹುಪಾಲು. ಈ ಕೀರ್ತಿ ಉಬ್ಬಿದ್ದು. ನಾಕ್ಟರ್ನ್ ತನ್ನ ಹಿರಿಯರಷ್ಟು ನಿರ್ದಯಿಯಲ್ಲ. ಅದರ ಕೊನೆಯ ಭಾಗವಂತೂ ಬೇಸರ ಬರುವಷ್ಟು ಸುಲಭ. ಯುದ್ಧದ ನಿಯಮಗಳಿಂದಲೇ ಅರ್ಥ ಹುಟ್ಟಿಸುವುದು ಈ ಆಟದ ನಿಜವಾದ ಸಾಧನೆ. ಕಷ್ಟದ ಗದ್ದಲದಲ್ಲಿ ಅದನ್ನು ನೋಡಿದವರು ಕಡಿಮೆ.

ಸರಣಿಯ ಪೂರ್ವೇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಆಯಾ ನಿಶಿತಾನಿ ಅವರ ‘ಡಿಜಿಟಲ್ ಡೆವಿಲ್ ಸ್ಟೋರಿ’ ಕಾದಂಬರಿಯಿಂದ 1987ರ ‘ಮೆಗಾಮಿ ಟೆನ್ಸೇ’, ಅದರಿಂದ ಕವಲೊಡೆದು 1992ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ‘ಶಿನ್ ಮೆಗಾಮಿ ಟೆನ್ಸೇ’, 1994ರಲ್ಲಿ ಅದರ ಎರಡನೇ ಭಾಗ. ಮೂರನೆಯದನ್ನು ನಿರ್ದೇಶಿಸಿದವರು ಕಾಟ್ಸುರಾ ಹಾಶಿನೊ. ಪಾತ್ರಗಳನ್ನೂ ಡೆಮನ್‌ಗಳನ್ನೂ ಚಿತ್ರಿಸಿದವರು ಕಾಜುಮಾ ಕಾನೆಕೊ. ಸಂಗೀತ ಶೋಜಿ ಮೆಗುರೊ ಅವರದು. ಟೋಕಿಯೊದ ಒಂದು ಆಸ್ಪತ್ರೆಯ ಮಹಡಿಯ ಮೇಲೆ ನಿಂತು ಒಬ್ಬ ಶಾಲಾ ಹುಡುಗ ಲೋಕ ಮುಗಿಯುವುದನ್ನು ನೋಡುತ್ತಾನೆ. ಉಳಿದ ನಗರ ಒಂದು ಟೊಳ್ಳು ಗೋಳದ ಒಳಮೈಗೆ ಅಂಟಿಕೊಳ್ಳುತ್ತದೆ; ನಡುವೆ ಕಗುತ್ಸುಚಿ ಎಂಬ ಬೆಳಕು ಚಂದ್ರನಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ಮಗತಾಮಾ ಎಂಬ ಹುಳುವಿನಂಥ ವಸ್ತು ಹುಡುಗನ ದೇಹ ಹೊಕ್ಕು ಅವನು ಅರೆಮನುಷ್ಯ, ಅರೆ ಡೆಮನ್ ಆಗುತ್ತಾನೆ. ಹುಟ್ಟಲಿರುವ ಜಗತ್ತು ಹೇಗಿರಬೇಕೆಂದು ಶಿಜಿಮಾ, ಯೊಸುಗಾ, ಮುಸುಬಿ ಎಂಬ ಮೂರು ಮತಗಳು ಜಗಳವಾಡುತ್ತವೆ. ಶಿಜಿಮಾಕ್ಕೆ ನಿಶ್ಚಲತೆ ಬೇಕು, ಯೊಸುಗಾಕ್ಕೆ ಬಲಿಷ್ಠರ ಆಳ್ವಿಕೆ, ಮುಸುಬಿಗೆ ಒಬ್ಬೊಬ್ಬರಿಗೂ ಒಂಟಿ ಲೋಕ. ಈ ತತ್ತ್ವಚರ್ಚೆಯ ಬಗ್ಗೆ ಆಗಲೇ ಬೇಕಾದಷ್ಟು ಬರೆಯಲಾಗಿದೆ. ಅದು ಹೊರಬಲ್ಲ ಭಾರಕ್ಕಿಂತ ಹೆಚ್ಚೇ ಬರೆಯಲಾಗಿದೆ.

ಹುಡುಗನ ಜೊತೆ ಹೋರಾಡುವವರು ಅವನು ಮಾತಾಡಿಸಿ, ಹಣ ಕೊಟ್ಟು, ಕೆಲವೊಮ್ಮೆ ಮೋಸಹೋಗಿ ಸಂಪಾದಿಸಿದ ಡೆಮನ್‌ಗಳು. ಈ ಪಟ್ಟಿಯಲ್ಲಿ ಐರೋಪ್ಯ ಜಾನಪದದ ಪಿಕ್ಸಿಯೂ ಉಂಟು, ನಾರ್ಸ್ ದೇವತೆ ಓಡಿನ್‌ನೂ ಉಂಟು, ಶಿವ, ವಿಷ್ಣು, ಲಕ್ಷ್ಮಿ, ಸರಸ್ವತಿ, ಪಾರ್ವತಿ, ಕಾಳಿಯರೂ ಉಂಟು. ಬಾಲಿ ದ್ವೀಪದ ರಂಗ್ಡಾ ಮತ್ತು ಬರೊಂಗ್‌ಗಳನ್ನು ಬೆರೆಸಿದರೆ ಶಿವ ಹುಟ್ಟುತ್ತಾನೆ ಎಂಬುದು ಕನ್ನಡದ ಓದುಗರಿಗೆ ಕ್ಷಣಕಾಲ ಹುಬ್ಬೇರಿಸುವ ಸಂಗತಿ. ಆಟಕ್ಕೆ ಇದರಲ್ಲಿ ಭಕ್ತಿಯೂ ಇಲ್ಲ, ಅವಹೇಳನದ ಉದ್ದೇಶವೂ ಇಲ್ಲ. ಎಲ್ಲ ದೇವತೆಗಳೂ ಅಲ್ಲಿ ಒಂದೇ ಕೋಷ್ಟಕದ ಸಾಲುಗಳು: ಯಾವುದಕ್ಕೆ ಬೆಂಕಿ ತಾಗದು, ಯಾವುದಕ್ಕೆ ಮಿಂಚು ತಗಲಿದರೆ ಪೆಟ್ಟು ಜೋರು, ಯಾವುದು ಏಟನ್ನು ಹೊಡೆದವನಿಗೇ ಹಿಂತಿರುಗಿಸುತ್ತದೆ. ಆ ಕೋಷ್ಟಕದ ಮೇಲೆಯೇ ಇಡೀ ಯುದ್ಧಪದ್ಧತಿ ನಿಂತಿದೆ.

ಅದಕ್ಕೂ ಮುಂಚೆ, ಈ ಪ್ರಕಾರದ ಆಟಗಳಲ್ಲಿ ಕಷ್ಟ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನೋಡಬೇಕು. ಜಪಾನಿನ ರೋಲ್‌ಪ್ಲೇಯಿಂಗ್ ಆಟಗಳ ಗುರು ಅಮೆರಿಕದ್ದು: 1981ರ ‘ವಿಜಾರ್ಡ್ರಿ’. ಸತ್ತ ಪಾತ್ರವನ್ನು ಬದುಕಿಸಲು ಹೋಗಿ ಮಂತ್ರ ಕೈಕೊಟ್ಟರೆ ಅಲ್ಲಿ ದೇಹ ಬೂದಿಯಾಗುತ್ತಿತ್ತು. ಬೂದಿಯ ಮೇಲೂ ಮಂತ್ರ ವಿಫಲವಾದರೆ ಪಾತ್ರ ಶಾಶ್ವತವಾಗಿ ಇಲ್ಲವಾಗುತ್ತಿತ್ತು. ವಾರಗಟ್ಟಲೆ ಬೆಳೆಸಿದ ಪಾತ್ರ ಹೀಗೆ ಹೋದಾಗ ಆಟಗಾರ ಮಾಡಬಹುದಾಗಿದ್ದುದು ಮೊದಲಿಂದ ಶುರುಮಾಡುವುದು. 1987ರ ‘ಡ್ರ್ಯಾಗನ್ ಕ್ವೆಸ್ಟ್ 2’ರಲ್ಲಿ ಕೊನೆಯ ಹಿಮದ ಪ್ರಸ್ಥಭೂಮಿ ತಲುಪಲು ಕಾಣದ ಗುಂಡಿಗಳಿರುವ ಗುಹೆ ದಾಟಬೇಕು, ಮೇಲೆ ಬಂದರೆ ಇಡೀ ಗುಂಪನ್ನು ಒಂದೇ ಮಂತ್ರಕ್ಕೆ ಕೊಲ್ಲುವ ಶತ್ರುಗಳು ಯಾದೃಚ್ಛಿಕವಾಗಿ ಎದುರಾಗುತ್ತಾರೆ. ಆಟವನ್ನು ಉಳಿಸಿಕೊಳ್ಳಲು 52 ಅಕ್ಷರಗಳವರೆಗಿನ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು; ಒಂದಕ್ಷರ ತಪ್ಪಿದರೆ ಎಲ್ಲವೂ ಹೋಯಿತು. 1990ರ ‘ಫೈನಲ್ ಫ್ಯಾಂಟಸಿ 3’ರ ಮೂಲ ಫ್ಯಾಮಿಕಾಮ್ ಆವೃತ್ತಿಯಲ್ಲಿ ಸ್ಫಟಿಕ ಗೋಪುರ ಹತ್ತಲು ಶುರುಮಾಡಿದ ಮೇಲೆ ಕೊನೆಯ ಬಾಸ್‌ವರೆಗೆ ಸೇವ್ ಮಾಡುವ ಜಾಗವೇ ಇಲ್ಲ.

ಇವೆಲ್ಲವೂ ಕಷ್ಟ ನಿಜ. ಆದರೆ ಈ ಕಷ್ಟದ ಮೂಲ ಎರಡೇ: ಅದೃಷ್ಟ ಮತ್ತು ಸಹನೆ. ಮದ್ದೂ ಎರಡೇ: ಇನ್ನೊಂದಷ್ಟು ಲೆವೆಲ್ ಏರಿಸಿಕೊಳ್ಳುವುದು, ಇನ್ನೊಂದು ಸಲ ಪ್ರಯತ್ನಿಸುವುದು. ಅಭಿಮಾನಿಗಳು ಗ್ರೈಂಡಿಂಗ್ ಎನ್ನುವ ಈ ಲೆವೆಲ್ ಏರಿಸುವ ಜೀತ ಮಾಡಿದರೆ ಡ್ರ್ಯಾಗನ್ ಕ್ವೆಸ್ಟ್‌ನ ಯಾವ ಗೋಡೆಯೂ ಕುಸಿಯುತ್ತದೆ. ನಾಕ್ಟರ್ನ್ ಈ ಮದ್ದನ್ನು ಕಸಿದುಕೊಂಡಿತು. ನಾಯಕನಿಗೆ ಒಂದು ಲೆವೆಲ್ ಏರಿದರೆ ಸಿಗುವುದು ಹಂಚಿಕೊಳ್ಳಲು ಒಂದೇ ಒಂದು ಅಂಕ. ಡೆಮನ್‌ಗಳು ಲೆವೆಲ್ ಏರುವುದು ಇನ್ನೂ ನಿಧಾನ. ಲೆವೆಲ್‌ನ ನಿಜವಾದ ಉಪಯೋಗ ಒಂದೇ: ನಾಯಕನ ಲೆವೆಲ್ ಮೀರಿದ ಡೆಮನ್‌ಗಳನ್ನು ಬೆರೆಸಿ ಹುಟ್ಟಿಸುವಂತಿಲ್ಲವಾದ್ದರಿಂದ ಅದೊಂದು ಪರವಾನಗಿ. ಹಗಲಿಡೀ ಒಂದೇ ಓಣಿಯಲ್ಲಿ ತಿರುಗಿ ಲೆವೆಲ್ ಏರಿಸಿಕೊಂಡವನೂ ತಪ್ಪು ಡೆಮನ್‌ಗಳನ್ನು ಕಟ್ಟಿಕೊಂಡು ಬಂದರೆ ಮೊದಲಿನಷ್ಟೇ ಬೇಗ ಸಾಯುತ್ತಾನೆ.

ಯುದ್ಧಪದ್ಧತಿಯ ಹೆಸರು ಪ್ರೆಸ್ ಟರ್ನ್. ಗುಂಪಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸರದಿಗಳು, ಹೆಚ್ಚೆಂದರೆ ನಾಲ್ಕು. ಪರದೆಯ ಮೂಲೆಯಲ್ಲಿ ಅಷ್ಟು ಐಕಾನ್‌ಗಳು. ಸಾಧಾರಣ ಏಟಿಗೆ ಒಂದು ಐಕಾನ್ ಖರ್ಚು. ಶತ್ರುವಿನ ದೌರ್ಬಲ್ಯಕ್ಕೆ ಸರಿಯಾಗಿ ಹೊಡೆದರೆ, ಅಥವಾ ಏಟು ಕ್ರಿಟಿಕಲ್ ಆದರೆ, ಅರ್ಧ ಐಕಾನ್ ಮಾತ್ರ ಖರ್ಚಾಗಿ ಉಳಿದರ್ಧ ಮಿಣುಕುತ್ತ ನಿಲ್ಲುತ್ತದೆ. ಅದರಿಂದ ಇನ್ನೊಂದು ಕ್ರಿಯೆ. ಲೆಕ್ಕ ಸರಿಹೋದರೆ ನಾಲ್ಕು ಐಕಾನ್‌ಗಳಿಂದ ಎಂಟು ಕ್ರಿಯೆಗಳು. ಏಟು ತಪ್ಪಿದರೆ ಅಥವಾ ಶತ್ರುವಿಗೆ ತಾಗದ ಬಗೆಯದಾಗಿದ್ದರೆ ಎರಡು ಐಕಾನ್ ಒಟ್ಟಿಗೆ ಹೋಗುತ್ತವೆ. ಶತ್ರು ಏಟನ್ನು ಹೀರಿಕೊಂಡರೆ ಅಥವಾ ಹಿಂದಿರುಗಿಸಿದರೆ ಉಳಿದ ಸರದಿಗಳೆಲ್ಲ ಮಾಯ. ಅಳಗುಳಿಮಣೆ ಆಡಿದವರಿಗೆ ಇದರ ಒಳಗುಟ್ಟು ಬೇಗ ಹತ್ತುತ್ತದೆ: ಅಲ್ಲಿಯೂ ಕಾಳು ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಕೈ ಮುಂದುವರಿಯುತ್ತದೋ ನಿಲ್ಲುತ್ತದೋ ತೀರ್ಮಾನವಾಗುತ್ತದೆ, ಬರೀ ಕಾಳಿನ ರಾಶಿ ಇದ್ದರೆ ಸಾಲದು.

ಈ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಬೆಂಕಿ ತಾಳದ ಡೆಮನ್ ಒಂದನ್ನು ಗುಂಪಿಗೆ ಸೇರಿಸಿಕೊಂಡರೆ ಅದು ಸಾಯುವುದಷ್ಟೇ ಅಲ್ಲ, ಸಾಯುತ್ತ ಶತ್ರುವಿಗೆ ಸರದಿಗಳನ್ನು ದಾನಮಾಡುತ್ತದೆ. ಜೊತೆಗೆ ನಾಯಕ ಸತ್ತರೆ ಡೆಮನ್‌ಗಳು ಬದುಕಿದ್ದರೂ ಆಟ ಮುಗಿಯುತ್ತದೆ. ಟರ್ಮಿನಲ್ ಎಂಬ ಜಾಗದಲ್ಲಿ ಕೊನೆಯ ಸಲ ಸೇವ್ ಮಾಡಿದಲ್ಲಿಗೆ ಹಿಂತಿರುಗಬೇಕು. ಇನ್ನು ಗಿರಿಮೇಖಲ. ಬೌದ್ಧ ಕಥೆಯಲ್ಲಿ ಮಾರನು ಏರಿ ಬರುವ ಆನೆಯ ಹೆಸರಿನ ಈ ಡೆಮನ್ ಕತ್ತಿ, ಮುಷ್ಟಿಯ ಏಟುಗಳನ್ನೆಲ್ಲ ಹಿಂದಿರುಗಿಸುತ್ತದೆ. ಸಣ್ಣಪುಟ್ಟ ಕಾಳಗಗಳನ್ನು ಆಟೊ ಗುಂಡಿ ಒತ್ತಿ ಮುಗಿಸುವ ಅಭ್ಯಾಸ ಬೆಳೆದವನು ಅದೇ ಗುಂಡಿಯನ್ನು ಇದರ ಮುಂದೆ ಒತ್ತಿದರೆ ತನ್ನ ಏಟಿನಿಂದಲೇ ನೆಲಕ್ಕೆ ಬೀಳುತ್ತಾನೆ, ಸರದಿಯನ್ನೂ ಕಳೆದುಕೊಳ್ಳುತ್ತಾನೆ. ಆಟ ಇಲ್ಲಿ ಅವನನ್ನು ದಂಡಿಸುತ್ತಿರುವುದು ಗಮನವಿಲ್ಲದ್ದಕ್ಕೆ, ದುರ್ಬಲನಾಗಿದ್ದಕ್ಕಲ್ಲ.

ಈ ವ್ಯಾಕರಣ ಪೂರ್ತಿ ಕಾವ್ಯವಾಗುವುದು ಮಟಡೋರ್‌ನ ಎದುರು. ಆಟದ ಕಷ್ಟದ ಕೀರ್ತಿಯೆಲ್ಲ ಹೆಚ್ಚುಕಡಿಮೆ ಈ ಒಂದು ಕಾಳಗದ ಮೇಲೆ ನಿಂತಿರುವುದರಿಂದ ಅದನ್ನು ನಿಧಾನವಾಗಿ ನೋಡುವುದು ಅಗತ್ಯ.

ಗಿಂಜಾ ತಲುಪಿ ಅಲ್ಲಿಂದ ಮುಂದಿನ ಭೂಗತ ದಾರಿಗೆ ಹೊರಟ ಆಟಗಾರ ಇದ್ದಕ್ಕಿದ್ದಂತೆ ಬೇರೊಂದು ಮರುಭೂಮಿಯಂಥ ಬಯಲಿನಲ್ಲಿರುತ್ತಾನೆ. ಎದುರಿಗೆ ಸ್ಪೇನಿನ ಗೂಳಿಕಾಳಗದವನ ಕಸೂತಿ ಉಡುಪು ತೊಟ್ಟ ಅಸ್ಥಿಪಂಜರ. ಕೈಯಲ್ಲಿ ಕತ್ತಿ, ಕೆಂಪು ಬಟ್ಟೆ. ನಾಯಕನ ಬಳಿ ಇರುವ ದೀಪಸ್ತಂಭ ಅವನಿಗೆ ಬೇಕು. ಅಲ್ಲಿಯವರೆಗೆ ಆಟಗಾರ ಕಲಿತಿರುವುದು ಒಂದೇ ಪಾಠ: ದೌರ್ಬಲ್ಯ ಹುಡುಕು, ಅಲ್ಲಿಗೆ ಹೊಡೆ, ಸರದಿ ಗಳಿಸು. ಮಟಡೋರ್‌ಗೆ ದೌರ್ಬಲ್ಯವೇ ಇಲ್ಲ. ಮೊದಲ ಪಾಠ ಹೀಗೆ ಕೈಬಿಟ್ಟು ಹೋಗುತ್ತದೆ.

ಮಟಡೋರ್ ಶುರುವಿಗೇ ಮಾಡುವುದು ರೆಡ್ ಕಪೋಟೆ. ಕೆಂಪು ಬಟ್ಟೆ ಬೀಸಿ ತನ್ನ ಚುರುಕುತನವನ್ನು ಒಂದೇ ಸಲಕ್ಕೆ ಗರಿಷ್ಠಕ್ಕೆ ಏರಿಸಿಕೊಳ್ಳುತ್ತಾನೆ. ಇದಾದ ಮೇಲೆ ಆಟಗಾರನ ಏಟುಗಳು ಒಂದರ ಹಿಂದೊಂದು ಗಾಳಿಯಲ್ಲಿ ಹೋಗುತ್ತವೆ. ತಪ್ಪಿದ ಏಟಿಗೆ ಎರಡು ಐಕಾನ್ ದಂಡ. ನಾಲ್ವರ ಗುಂಪಿನ ಸರದಿ ಎರಡು ತಪ್ಪಿಗೆ ಮುಗಿಯಿತು. ಉಳಿದಿಬ್ಬರು ಕೈಕಟ್ಟಿ ನಿಂತು ನೋಡಬೇಕು. ಆಮೇಲೆ ಅವನ ಸರದಿ. ಒಂಟಿಯಾಗಿದ್ದರೂ ಅವನಿಗೆ ಒಂದಕ್ಕಿಂತ ಹೆಚ್ಚು ಸರದಿ ಇದೆ. ಅಂಡಲುಸಿಯಾ ಎಂಬ ಕತ್ತಿವರಸೆ ಗುಂಪಿನ ಮೇಲೆ ಮತ್ತೆ ಮತ್ತೆ ಬೀಳುತ್ತದೆ. ಮಜಾನ್ ಎಂಬ ಗಾಳಿಮಂತ್ರ ಎಲ್ಲರಿಗೂ ತಗಲುತ್ತದೆ. ಗುಂಪಿನಲ್ಲಿ ಗಾಳಿಗೆ ಸೋಲುವ ಒಂದು ಡೆಮನ್ ಇದ್ದರೂ ಅವನಿಗೆ ಇನ್ನೊಂದು ಸರದಿ.

ಮುಂದಿನದು ಟಾಂಟ್, ಅಂದರೆ ಕೆಣಕು. ಇದು ಎದುರಾಳಿಗಳ ರಕ್ಷಣೆಯನ್ನು ಕುಸಿಸುತ್ತದೆ, ಅದೇ ಹೊತ್ತಿಗೆ ಅವರ ಹೊಡೆತದ ಬಲವನ್ನು ಏರಿಸುತ್ತದೆ. ಶತ್ರು ತನ್ನ ಎದುರಾಳಿಯ ಬಲವನ್ನು ಏಕೆ ಏರಿಸಬೇಕು? ಬರೀ ಅಂಕಿಗಳ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಗೂಳಿಕಾಳಗದ ಅಂಗಳದಲ್ಲಿಟ್ಟು ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. ಕೆಂಪು ಬಟ್ಟೆ ಬೀಸಿ ಗೂಳಿಯ ಕೊಂಬು ಗಾಳಿ ತಿವಿಯುವಂತೆ ಮಾಡುವುದು, ಅದು ಇನ್ನೂ ರೋಷದಿಂದ ನುಗ್ಗುವಂತೆ ಕೆಣಕುವುದು, ನುಗ್ಗಿ ದಣಿದು ಕತ್ತು ಬಾಗಿದಾಗ ಕತ್ತಿ ಇಳಿಸುವುದು. ಈ ಕಾಳಗದಲ್ಲಿ ಗೂಳಿ ಆಟಗಾರನೇ. ಅಟ್ಲಸ್‌ನ ವಿನ್ಯಾಸಕಾರರು ಇದನ್ನು ಒಂದು ಸಂಭಾಷಣೆಯಲ್ಲೂ ಹೇಳಿಸುವುದಿಲ್ಲ. ಹೊಡೆಯುವ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಆಟಗಾರನ ಬೆರಳುಗಳಲ್ಲಿ ಅದು ನಡೆಯುವಂತೆ ಮಾಡುತ್ತಾರೆ. ಸೋತವನ ಸಿಟ್ಟು, ಇನ್ನೂ ಜೋರಾಗಿ ಹೊಡೆಯಬೇಕೆಂಬ ಹಟ, ಲೆವೆಲ್ ಏರಿಸಿಕೊಂಡು ಬಂದು ಕೆಡವುತ್ತೇನೆಂಬ ಪಣ ಎಲ್ಲವೂ ಈ ದೃಶ್ಯದ ಭಾಗವೇ. ಗೂಳಿಗೆ ಅದಕ್ಕಿಂತ ಬೇರೆ ಗೊತ್ತಿಲ್ಲ.

ಗೆಲ್ಲುವ ದಾರಿ ಇದರಷ್ಟೇ ಅಚ್ಚುಕಟ್ಟು. ಫಾಗ್ ಬ್ರೆತ್ ಅಥವಾ ಸುಕುಂಡಾದಿಂದ ಅವನ ಚುರುಕುತನ ಇಳಿಸುವುದು, ಸುಕುಕಾಜಾದಿಂದ ತನ್ನ ಗುಂಪಿನ ಚುರುಕುತನವನ್ನು ನಾಲ್ಕು ಹಂತದವರೆಗೆ ಏರಿಸುವುದು. ಹಿಫುಮಿ ಎಂಬ ಮಗತಾಮಾ ನುಂಗಿದ್ದರೆ ಗಾಳಿಮಂತ್ರ ನಾಯಕನಿಗೆ ತಾಗುವುದಿಲ್ಲ. ಇದೆಲ್ಲ ಆದ ಮೇಲೆ ಮಟಡೋರ್‌ನ ಕತ್ತಿಯೇ ಗಾಳಿಯಲ್ಲಿ ಹೋಗತೊಡಗುತ್ತದೆ. ಅವನ ಏಟು ತಪ್ಪಿದರೂ ಎರಡು ಐಕಾನ್ ದಂಡ. ನಿಯಮ ಅವನಿಗೂ ಒಂದೇ. ಈಗ ಅಂಗಳದಲ್ಲಿ ಬಟ್ಟೆ ಬೀಸುತ್ತಿರುವವನು ಆಟಗಾರ. ಮೊದಲು ಹೊಡೆತದ ಬಗ್ಗೆ ಯೋಚಿಸುತ್ತಿದ್ದವನು ಈಗ ತಪ್ಪಿಸಿಕೊಳ್ಳುವುದರ ಬಗ್ಗೆ, ಎದುರಾಳಿಯನ್ನು ತಪ್ಪಿಸುವುದರ ಬಗ್ಗೆ ಯೋಚಿಸುತ್ತಾನೆ. ಟಾಂಟ್‌ನಿಂದ ದಕ್ಕಿದ ಹೆಚ್ಚಿನ ಬಲ ಕೂಡ ಆಗ ಉಪಯೋಗಕ್ಕೆ ಬರುತ್ತದೆ. ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಬಲ ಏರಿಸುವ, ಇಳಿಸುವ ಮಂತ್ರಗಳು ಮೆನುವಿನ ತಳದಲ್ಲಿ ಧೂಳು ತಿನ್ನುವುದು ವಾಡಿಕೆ. ಹೆಚ್ಚಿನವರು ಆಟ ಮುಗಿಯುವವರೆಗೂ ಅವನ್ನು ಮುಟ್ಟುವುದಿಲ್ಲ. ಆ ಮಂತ್ರಗಳಿಗೆ ನಾಟಕೀಯವಾದ ಕಾರಣ ಕೊಟ್ಟದ್ದು ಈ ಕಾಳಗ. ಮಟಡೋರ್‌ನನ್ನು ಗೆದ್ದ ಆಟಗಾರನಿಗೆ ಮುಂದೆ ಇಕೆಬುಕುರೊದಲ್ಲಿ ಮಾಂತ್ರಾ ಎಂಬ ಡೆಮನ್ ಪಡೆಯವರು ವಿಚಾರಣೆಯ ಹೆಸರಿನಲ್ಲಿ ಓರ್ಥ್ರಸ್, ಯಕ್ಷಿಣಿ, ಥಾರ್ ಮೂವರನ್ನು ಸಾಲಾಗಿ ಬಿಟ್ಟಾಗ ಭಯವಾಗುವುದಿಲ್ಲ. ಏನು ನೋಡಬೇಕೆಂದು ಅವನಿಗೆ ಗೊತ್ತಾಗಿರುತ್ತದೆ.

ಹೀಗಿರುವಾಗ ಇದನ್ನು ಕಷ್ಟದ ಗೋಡೆ ಎಂದಷ್ಟೇ ಬಣ್ಣಿಸುವ ವಿಮರ್ಶಕರು ಯಾವುದನ್ನು ನೋಡುತ್ತಿದ್ದಾರೆ? ಅವರ ವಾದಕ್ಕೆ ಮೊದಲ ತೊಡಕು ಆಟದ ಚರಿತ್ರೆಯಲ್ಲೇ ಇದೆ. 2003ರಲ್ಲಿ ಜಪಾನಿನ ಆಟಗಾರರು ಕೊಂಡ ನಾಕ್ಟರ್ನ್‌ನಲ್ಲಿ ಮಟಡೋರ್ ಇರಲೇ ಇಲ್ಲ. 2004ರ ಜನವರಿಯಲ್ಲಿ ಬಂದ ‘ಮ್ಯಾನಿಯಾಕ್ಸ್’ ಎಂಬ ವಿಸ್ತೃತ ಆವೃತ್ತಿಗೆ ಅವನೂ ಅವನಂಥ ಇತರ ಅಸ್ಥಿಪಂಜರ ವೀರರೂ, ಅಮಾಲಾ ಚಕ್ರವ್ಯೂಹವೂ, ‘ಡೆವಿಲ್ ಮೇ ಕ್ರೈ’ ಆಟದ ಡಾಂಟೆಯೂ ಸೇರಿದರು. ಅದೇ ವರ್ಷ ಅಮೆರಿಕಕ್ಕೆ, 2005ರಲ್ಲಿ ‘ಲೂಸಿಫರ್ಸ್ ಕಾಲ್’ ಎಂಬ ಹೆಸರಿನಲ್ಲಿ ಯುರೋಪಿಗೆ ಹೋದದ್ದು ಈ ಎರಡನೇ ಆವೃತ್ತಿ. ಅಂದರೆ ಆಟ ಸ್ವಭಾವತಃ ಕ್ರೂರ ಎಂದು ಸಾಧಿಸಲು ಎತ್ತಿ ತೋರಿಸುವ ಸಾಕ್ಷಿ ಮೂಲ ಕೃತಿಯ ಹೊರಗಿನದು. ತಮ್ಮ ಆಟವನ್ನು ಒಮ್ಮೆ ಮುಗಿಸಿದವರು ಮತ್ತೆ ಕೊಳ್ಳಲಿ ಎಂದು ಸೇರಿಸಿದ ಅಧ್ಯಾಯ ಅದು. ಆ ಸೇರ್ಪಡೆ ಮೂಲದ ಯಾವ ಬಾಸ್‌ಗಿಂತಲೂ ಚೆನ್ನಾಗಿ ಪ್ರೆಸ್ ಟರ್ನ್‌ನ ತಿರುಳನ್ನು ಹಿಡಿಯಿತು ಎಂಬುದು ಸ್ವಾರಸ್ಯದ ವಿಷಯ. ಆದರೆ ಅದನ್ನು ಚರ್ಚಿಸಲು ಮೊದಲು ಅದು ಸೇರ್ಪಡೆ ಎಂದು ಗೊತ್ತಿರಬೇಕು.

ಇದಕ್ಕಿಂತ ದೊಡ್ಡ ಗೊಂದಲ ತಂದದ್ದು ‘ಡಾರ್ಕ್ ಸೋಲ್ಸ್’ ಜೊತೆಗಿನ ಹೋಲಿಕೆ. ರೋಲ್‌ಪ್ಲೇಯಿಂಗ್ ಆಟಗಳ ಡಾರ್ಕ್ ಸೋಲ್ಸ್ ಎಂದು ನಾಕ್ಟರ್ನ್‌ಗೆ ಬಿರುದು ಕೊಟ್ಟು ಕೈತೊಳೆದುಕೊಳ್ಳುವುದು ಈಗ ರೂಢಿ. ಕಾಲದ ಲೆಕ್ಕದಲ್ಲಿಯೇ ಇದು ತಲೆಕೆಳಗು: ಹಿಡೆಟಾಕಾ ಮಿಯಾಜಾಕಿ ಅವರ ‘ಡೀಮನ್ಸ್ ಸೋಲ್ಸ್’ ಬಂದದ್ದು 2009ರಲ್ಲಿ, ‘ಡಾರ್ಕ್ ಸೋಲ್ಸ್’ 2011ರಲ್ಲಿ. ಕಾಲದ ತಪ್ಪನ್ನು ಕ್ಷಮಿಸಬಹುದು, ಸ್ವಭಾವದ ತಪ್ಪನ್ನು ಕ್ಷಮಿಸುವುದು ಕಷ್ಟ. ಸೋಲ್ಸ್ ಆಟಗಳಲ್ಲಿ ಕಲಿಯುವುದು ಕೈ. ಶತ್ರುವಿನ ಭುಜ ಯಾವಾಗ ಮೇಲೇಳುತ್ತದೆ, ಯಾವ ಕ್ಷಣ ಉರುಳಬೇಕು ಎಂಬುದು ಸಲಸಲಕ್ಕೂ ಸ್ನಾಯುವಿಗೆ ಇಳಿಯುತ್ತದೆ. ತಿಳಿದ ಮೇಲೂ ಮಾಡಲಾಗದೆ ಸೋಲಬಹುದು. ನಾಕ್ಟರ್ನ್‌ನಲ್ಲಿ ಆಟಗಾರ ಆಯ್ಕೆ ಮಾಡುವವರೆಗೆ ಏನೂ ಕದಲುವುದಿಲ್ಲ. ಕಾಫಿ ಕುಡಿದು ಬಂದು ಮುಂದಿನ ಆಜ್ಞೆ ಕೊಡಬಹುದು. ಅಲ್ಲಿ ತಿಳಿಯುವುದೇ ಮಾಡುವುದು. ಮಟಡೋರ್‌ನ ಗುಟ್ಟು ತಿಳಿದವನಿಗೆ ಅವನು ಮತ್ತೆ ಕಷ್ಟವಾಗುವುದು ಅಪರೂಪ. ಅದೃಷ್ಟ ಕೈಕೊಡಬಹುದು, ಅಷ್ಟೆ. ಮೊದಲ ಸೋಲಿನಲ್ಲಿ ಸಿಕ್ಕ ಮಾಹಿತಿಯೇ ಎರಡನೇ ಪ್ರಯತ್ನದ ಆಯುಧವಾಗುವ ಆಟವನ್ನು ಬೆರಳಿನ ಚಳಕ ಪರೀಕ್ಷಿಸುವ ಆಟದ ಪಕ್ಕ ಕೂರಿಸಿ, ಎರಡರಲ್ಲೂ ಜನ ತುಂಬ ಸಾಯುತ್ತಾರೆ ಎಂಬ ಒಂದೇ ಕಾರಣಕ್ಕೆ ಸಂಬಂಧ ಕಟ್ಟುವುದು ವಿಮರ್ಶೆಯ ಸೋಮಾರಿತನ. ಜಾಹೀರಾತಿನವರು ಹಾಗೆ ಮಾಡಿದರೆ ಅದು ಅವರ ಕಸುಬು. ವಿಮರ್ಶಕರಿಗೆ ಆ ನೆಪವಿಲ್ಲ.

ಇನ್ನೊಂದು ಪಂಗಡ ಗ್ರೈಂಡಿಂಗ್ ಮಾಡದೆ ಈ ಆಟ ಮುಗಿಯದು ಎನ್ನುತ್ತದೆ. ಇವರಿಗೆ ಉತ್ತರ ಮೇಲೆಯೇ ಬಂದಿದೆ. ಲೆವೆಲ್ ಏರಿಸಿ ಗೆದ್ದೆವು ಎಂದು ಹೇಳುವವರು ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಗುಂಪಿನ ಡೆಮನ್‌ಗಳನ್ನೂ ಬದಲಿಸಿರುತ್ತಾರೆ. ಗೆಲುವಿನ ಶ್ರೇಯವನ್ನು ಮಾತ್ರ ಲೆವೆಲ್‌ಗೆ ಕೊಡುತ್ತಾರೆ.

2020ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲೂ 2021ರ ಮೇ ತಿಂಗಳಲ್ಲಿ ಉಳಿದ ದೇಶಗಳಲ್ಲೂ ಎಚ್‌ಡಿ ಆವೃತ್ತಿ ಬಂದಾಗ ಹಳೆಯ ಜಗಳ ಹೊಸ ರೂಪ ತಾಳಿತು. ಇದರಲ್ಲಿ ಎರಡು ಬದಲಾವಣೆಗಳು ಮುಖ್ಯ. ಹಳೆಯ ಆವೃತ್ತಿಯಲ್ಲಿ ಡೆಮನ್‌ಗಳನ್ನು ಬೆರೆಸಿದಾಗ ತಂದೆತಾಯಿಯ ಯಾವ ವಿದ್ಯೆಗಳು ಮಗುವಿಗೆ ಬರಬೇಕು ಎಂಬುದನ್ನು ಆಟವೇ ಯಾದೃಚ್ಛಿಕವಾಗಿ ತೀರ್ಮಾನಿಸುತ್ತಿತ್ತು. ಬೇಕಾದ ಪಟ್ಟಿ ಬರುವವರೆಗೆ ಆಟಗಾರರು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗುತ್ತ ಗಂಟೆಗಟ್ಟಲೆ ಕೂರುತ್ತಿದ್ದರು. ಹೊಸ ಆವೃತ್ತಿಯಲ್ಲಿ ವಿದ್ಯೆಗಳನ್ನು ಕೈಯಿಂದ ಆರಿಸಿಕೊಳ್ಳಬಹುದು. ಇದರಿಂದ ಆಟ ಸಡಿಲವಾಯಿತು ಎಂದು ಗೊಣಗಿದವರಿದ್ದಾರೆ. ಒಂದೇ ಗುಂಡಿಯನ್ನು ನೂರು ಸಲ ಒತ್ತುವುದರಲ್ಲಿ ಯಾವ ನಿರ್ಧಾರವೂ ಇಲ್ಲ, ಯಾವ ಅಪಾಯವೂ ಇಲ್ಲ; ಅದನ್ನು ಕಷ್ಟವೆಂದು ಕರೆದರೆ ರೇಷನ್ ಅಂಗಡಿಯ ಸಾಲೂ ಸಾಹಸವಾದೀತು. ಆ ಬದಲಾವಣೆ ಆಟದ ತಿರುಳಿಗೆ ಹತ್ತಿರ ತಂದಿತೇ ಹೊರತು ದೂರ ಒಯ್ಯಲಿಲ್ಲ.

ಎರಡನೆಯದು ಮರ್ಸಿಫುಲ್ ಎಂಬ ಸುಲಭ ಮಟ್ಟ. ಏಟಿನ ನೋವು ಕಡಿಮೆ, ಅನುಭವದ ಅಂಕಗಳು ಹೆಚ್ಚು, ಯಾದೃಚ್ಛಿಕ ಕಾಳಗಗಳು ವಿರಳ. ಇದನ್ನು ವಿರೋಧಿಸಿದವರು ನೀತಿಯ ಮಾತಾಡಿದರು: ಕಷ್ಟಪಡದವರಿಗೆ ಆಟ ಮುಗಿಸುವ ಅರ್ಹತೆ ಇಲ್ಲ ಎಂಬಂತೆ. ಸಮರ್ಥಿಸಿದವರೂ ನೀತಿಯನ್ನೇ ಹಿಡಿದರು: ಎಲ್ಲರಿಗೂ ಬಾಗಿಲು ತೆರೆದಿರಬೇಕು ಎಂದು. ಎರಡು ಬಣವೂ ಕೃತಿಯನ್ನು ನೋಡಲಿಲ್ಲ. ಕಥೆ ತಿಳಿಯಬೇಕೆನ್ನುವವರಿಗೆ ಮರ್ಸಿಫುಲ್‌ನಿಂದ ತೊಂದರೆಯೇನೂ ಇಲ್ಲ, ಯಾರ ಗಂಟೂ ಹೋಗುವುದಿಲ್ಲ. ಆದರೆ ಆ ಮಟ್ಟದಲ್ಲಿ ಮಟಡೋರ್‌ನನ್ನು ಸುಮ್ಮನೆ ಹೊಡೆದು ಕೊಲ್ಲಬಹುದು. ಅವನ ಬಟ್ಟೆ, ಅವನ ಕೆಣಕು, ಪಾತ್ರಗಳು ಅದಲುಬದಲಾಗುವ ಆ ತಿರುವು ಯಾವುದೂ ಆಟಗಾರನ ಅನುಭವಕ್ಕೆ ಬರುವುದಿಲ್ಲ. ಗೂಳಿ ನೇರ ನುಗ್ಗಿ ಗೆಲ್ಲುತ್ತದೆ. ಸುಲಭ ಮಟ್ಟದ ಸಮಸ್ಯೆ ಇಷ್ಟೇ, ಇದು ಅರ್ಥದ ಸಮಸ್ಯೆ. ಏಟಿನ ಬಲವನ್ನು ಕಾಯ್ದುಕೊಂಡು ಸೋತಾಗ ಆ ಕಾಳಗದ ಶುರುವಿಗೇ ಮರಳುವ ಅನುಕೂಲ ಕೊಟ್ಟಿದ್ದರೆ ಇಬ್ಬರಿಗೂ ಸಲ್ಲುತ್ತಿತ್ತು.

ಅಂಗಳದ ಪಾತ್ರ ಅದಲುಬದಲು ಅಟ್ಲಸ್‌ಗೆ ಎಷ್ಟು ಹಿಡಿಸಿತೆಂದರೆ 2004ರ ‘ಡಿಜಿಟಲ್ ಡೆವಿಲ್ ಸಾಗಾ’ದಲ್ಲಿ ನಾಕ್ಟರ್ನ್‌ನ ನಾಯಕನನ್ನೇ ಐಚ್ಛಿಕ ಬಾಸ್ ಆಗಿ ನಿಲ್ಲಿಸಿತು. ಹಿಂದಿನ ಆಟದಲ್ಲಿ ಹತ್ತಾರು ಗಂಟೆ ತಾನೇ ನಡೆಸಿದ ಹುಡುಗನನ್ನು ಆಟಗಾರ ಈಗ ಎದುರಿಸಬೇಕು. ಅವನ ಪಕ್ಕದಲ್ಲಿ ಅವನು ಕರೆದ ಡೆಮನ್‌ಗಳು. ಆದರೆ ಈ ಕಾಳಗಕ್ಕೆ ಮಟಡೋರ್‌ನ ಸೊಗಸಿಲ್ಲ. ನಿರ್ದಿಷ್ಟ ಸಿದ್ಧತೆಯಿಲ್ಲದೆ ಬಂದವರನ್ನು ಒಂದೇ ಏಟಿಗೆ ಮುಗಿಸುವ ಬೀಗದ ಕೈ ಹುಡುಕುವ ಆಟ ಅದು. ಕಷ್ಟದ ಕೀರ್ತಿ ಸಲ್ಲಬೇಕಾದದ್ದು ಬಹುಶಃ ಇದಕ್ಕೆ.

ನಾಕ್ಟರ್ನ್‌ನ ನಿಜವಾದ ದೋಷ ಇರುವುದು ಉತ್ತರಾರ್ಧದಲ್ಲಿ, ಅದರ ಬಗ್ಗೆ ಅಭಿಮಾನಿಗಳು ಮೌನ. ಕಬುಕಿಚೊ ಜೈಲಿನ ತಲೆಕೆಳಗಾದ ಓಣಿಗಳು, ಕಗುತ್ಸುಚಿಯ ಹಂತಗಳನ್ನು ಲೆಕ್ಕಹಾಕುತ್ತ ಹತ್ತಬೇಕಾದ ಒಬೆಲಿಸ್ಕ್, ಸಂಸತ್ ಭವನದ ಕಣ್ಣುಕಟ್ಟುಗಳು, ಕೊನೆಯ ಗೋಪುರ: ಇವುಗಳಲ್ಲಿ ದಾರಿ ಹುಡುಕುವ ಶ್ರಮ ಹೆಚ್ಚುತ್ತ ಹೋದಂತೆ ಯುದ್ಧದ ಶ್ರಮ ಕಡಿಮೆಯಾಗುತ್ತ ಹೋಗುತ್ತದೆ. ಬಹುತೇಕ ಎಲ್ಲ ಬಗೆಯ ಏಟುಗಳನ್ನೂ ತಾಗದಂತೆ ಮಾಡುವ ಮಸಕಾಡೊ ಮಗತಾಮಾ ಸಿಕ್ಕ ಮೇಲೆ ನಾಯಕನ ಮೇಲೆ ಬಿದ್ದ ಬಹುತೇಕ ಹೊಡೆತಗಳೂ ಶತ್ರುವಿನ ಸರದಿಯನ್ನೇ ತಿನ್ನುತ್ತವೆ. ಅಮಾಲಾ ಚಕ್ರವ್ಯೂಹದ ದಾರಿ ಹಿಡಿದವರಿಗೆ ದೊರೆಯುವ ಪಿಯರ್ಸ್ ಎಂಬ ವಿದ್ಯೆ, ಏಟು ಹಿಂದಿರುಗಿಸುವವರನ್ನು ಬಿಟ್ಟರೆ ಉಳಿದವರ ತಡೆಗಳನ್ನೆಲ್ಲ ದೈಹಿಕ ಹೊಡೆತ ಭೇದಿಸುವಂತೆ ಮಾಡುತ್ತದೆ. ಆಗ ಕೋಷ್ಟಕ ನೋಡುವ ಅಗತ್ಯವೇ ಇರುವುದಿಲ್ಲ. ಮೊದಲ ಅರ್ಧದಲ್ಲಿ ಆಟ ಕಷ್ಟಪಟ್ಟು ಕಲಿಸಿದ ವ್ಯಾಕರಣವನ್ನು ಎರಡನೇ ಅರ್ಧದಲ್ಲಿ ತಾನೇ ರದ್ದುಮಾಡುತ್ತದೆ. ಬಲ ಕೂಡಿಸುವುದು, ಹೊಡೆಯುವುದು, ಮತ್ತೆ ಬಲ ಕೂಡಿಸುವುದು. ಅಮಾಲಾ ದಾರಿಯ ಕೊನೆಯ ಬಾಸ್ ಲೂಸಿಫರ್‌ನ ಎದುರು ನಿಂತ ಆಟಗಾರ ಬಹಳ ಮಟ್ಟಿಗೆ ಮತ್ತೆ ಗೂಳಿಯೇ, ಈ ಸಲ ಬಲವಾದ ಗೂಳಿ. ಆರು ಅಂತ್ಯಗಳಲ್ಲಿ ಲೂಸಿಫರ್‌ನ ದಾರಿಯನ್ನು ಅತಿ ದೊಡ್ಡ ಸಾಧನೆಯೆಂದು ಮೆರೆಸುವವರು ಈ ಕುಸಿತವನ್ನು ಗಮನಿಸಿದಂತಿಲ್ಲ.

ಪ್ರೆಸ್ ಟರ್ನ್ ಪದ್ಧತಿ ಅಟ್ಲಸ್‌ನ ಮುಂದಿನ ಆಟಗಳಲ್ಲಿ ಉಳಿಯಿತು. ಹಾಶಿನೊ ನಿರ್ದೇಶನದ 2024ರ ‘ಮೆಟಫರ್: ರಿಫ್ಯಾಂಟಾಜಿಯೊ’ದಲ್ಲಿಯೂ ಅದೇ ಐಕಾನ್‌ಗಳ ಲೆಕ್ಕವಿದೆ, ಜೊತೆಗೆ ಕಾಳಗವನ್ನು ನಡುವೆಯೇ ಮೊದಲಿಂದ ಶುರುಮಾಡುವ ಅನುಕೂಲವೂ. ಹೋಲಿಕೆಗೆ ಹೆಚ್ಚು ತಕ್ಕದ್ದು 2013ರ ‘ಶಿನ್ ಮೆಗಾಮಿ ಟೆನ್ಸೇ 4’. ಅದರಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ನಾಯಕ ಸತ್ತರೂ ಕಾಳಗ ನಿಲ್ಲುವುದಿಲ್ಲ, ಆದರೂ ಆರಂಭದಲ್ಲೇ ಬರುವ ಮಿನೊಟಾರ್ ಎಂಬ ಗೂಳಿತಲೆಯ ಬಾಸ್ ಅನೇಕರನ್ನು ಮಟಡೋರ್‌ನಷ್ಟೇ ಸಲ ಕೊಂದ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕಷ್ಟದ ಬಾಸ್‌ಗಳೆಂದು ಪಟ್ಟಿಮಾಡುವುದು ವಾಡಿಕೆಯಾಗಿದೆ. ಮಿನೊಟಾರ್‌ಗೆ ಹಿಮದ ದೌರ್ಬಲ್ಯವಿದೆ. ಹಿಮಮಂತ್ರ ಬಲ್ಲ ಡೆಮನ್‌ಗಳನ್ನು ಕಟ್ಟಿಕೊಂಡು, ಬೆಂಕಿಗೆ ಸೋಲುವವರನ್ನು ಹೊರಗಿಟ್ಟು ಬಂದರೆ ಅವನು ಕೇಳುವ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಅದು ಪ್ರೆಸ್ ಟರ್ನ್‌ನ ಮೊದಲ ಪಾಠ, ಜೋರು ದನಿಯಲ್ಲಿ ಹೇಳಿದ್ದು. ಮಟಡೋರ್ ಕಲಿಸಿದ ಎರಡನೇ ಪಾಠವನ್ನು ಕೇಳುವ ಬಾಸ್ ಆ ಆಟದ ಆರಂಭದಲ್ಲಿ ಇಲ್ಲ.